ಮಾಳಿಗೆಯ ಮೇಲೆ ಒಪೆರಾ

ನಾಟಕ ಹೇಗಿರಬೇಕು ಎಂಬ ಬಗ್ಗೆ ಖಚಿತವಾದ ಅಭಿಪ್ರಾಯ ಇರುವುದು ಯಾವಾಗಲೂ ನಾಟಕ ಮಾಡಲು ಬಾರದವರಿಗೆ. ನಾನು ಆ ಪೈಕಿ. ಕೃಷ್ಣೆಯ ದಂಡೆಯ ತಿಂಥಣಿ ನನ್ನೂರು. ಊರವರ ಬಾಯಲ್ಲಿ ಮೋನಪ್ಪಯ್ಯನಾದ ಮೌನೇಶ್ವರನ ಸನ್ನಿಧಿಯಲ್ಲೇ ಹುಟ್ಟಿ ಬೆಳೆದರೂ ನಾಟಕದ ಮಾತು ಬಂದಾಗ ನಾನು ಬಾಯಿ ಮುಚ್ಚಿಕೊಂಡಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಸಾಲಿ ಮಾಸ್ತರಿಕೆಯಿಂದ ನಿವೃತ್ತನಾದ ಮೇಲಂತೂ ನನ್ನ ಅಭಿಪ್ರಾಯಗಳಿಗೆ ಹಗಲು ರಾತ್ರಿ ಬಿಡುವೋ ಬಿಡುವು.

ನನ್ನ ಕಾನೂನುಗಳು ಬಹಳ ಸರಳ. ರಾತ್ರಿ ಹತ್ತಕ್ಕೆ ಮುಂಚೆ ಶುರುವಾಗುವುದು ನಾಟಕವಲ್ಲ, ಶಾಲಾ ವಾರ್ಷಿಕೋತ್ಸವ. ಕೋಳಿ ಕೂಗುವ ಮುಂಚೆ ಮುಗಿಯುವುದೂ ನಾಟಕವಲ್ಲ, ಬರೀ ಜಾಹೀರಾತು. ಅರಮನೆ, ಕಾಡು, ಬೀದಿ, ಕೈಲಾಸ ಇಷ್ಟಾದರೂ ಪರದೆಗಳಿರಬೇಕು. ಕಾಡಿನ ಪರದೆಯಲ್ಲಿ ಹುಲಿ ಇದ್ದರೆ ಉತ್ತಮ. ರಾಜನೆಂದರೆ ಕಿರೀಟ, ಭುಜಕೀರ್ತಿ, ಎದೆಹಾರ. ಬಯಲಾಟವಾದರೆ ಪಾತ್ರಧಾರಿಯ ಕುಣಿತಕ್ಕೆ ಅಟ್ಟದ ಹಲಗೆ ಒಂದಾದರೂ ಸೀಳಬೇಕು. ಪಕ್ಕದಲ್ಲಿ ಪೇಟಿ (ಹಾರ್ಮೋನಿಯಂ), ತಬಲಾ ಇರಲೇಬೇಕು. ಕೊನೆಯದು, ಬಹಳ ಮುಖ್ಯವಾದದ್ದು: ಜನ ‘ಒನ್ಸ್ ಮೋರ್’ ಎಂದರೆ ಸತ್ತವನೂ ಎದ್ದು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯಬೇಕು. ಜನರ ಮಾತಿಗೆ ಇಷ್ಟೂ ಬೆಲೆ ಕೊಡದವನು ಕಲಾವಿದನೇ ಅಲ್ಲ.

ಈ ಕಾನೂನುಗಳಿಗೆಲ್ಲ ಮೂಲ ‘ರಕ್ತರಾತ್ರಿ’. ಕಂದಗಲ್ ಹನುಮಂತರಾಯರ ಈ ನಾಟಕ ನಮ್ಮ ಕಡೆ ಎಷ್ಟು ಜಾತ್ರೆ ಕಂಡಿದೆಯೋ ಲೆಕ್ಕವಿಲ್ಲ. ಅದರ ಶಕುನಿಯ ಮಾತುಗಳನ್ನು ಎಮ್ಮೆ ಕಾಯುವ ಹುಡುಗರೂ ಬಾಯಿಪಾಠ ಒಪ್ಪಿಸುತ್ತಿದ್ದ ಕಾಲ ನನಗೆ ನೆನಪಿದೆ. ದ್ರೌಪದಿಯ ಗೋಳಿನ ನಟ್ಟನಡುವೆ ಪೇಟಿ ಮಾಸ್ತರ ಕೈ ಎತ್ತಿ ನಿಲ್ಲಿಸುತ್ತಾನೆ. ಮೈಕಿನಲ್ಲಿ ಘೋಷಣೆ: ‘ದ್ರೌಪದಿ ಪಾತ್ರ ಮೆಚ್ಚಿ ದಂಡಿನ ಓಣಿಯ ಗೆಳೆಯರ ಬಳಗದಿಂದ ನೂರಾ ಒಂದು ರೂಪಾಯಿ ಆಯೇರಿ!’ ದ್ರೌಪದಿ ಅಳು ನಿಲ್ಲಿಸಿ ಮುಂದೆ ಬಂದು ಕೈಮುಗಿಯುತ್ತಾಳೆ. ಬಳಗದ ಯಜಮಾನ ಅವಳ ಸೀರೆಯ ಸೆರಗಿಗೆ ಪಿನ್ನಿನಿಂದ ನೋಟು ಚುಚ್ಚಲು ಒದ್ದಾಡುತ್ತಾನೆ, ಕೊನೆಗೆ ಅವಳೇ ಪಿನ್ನು ಇಸಿದುಕೊಂಡು ಚುಚ್ಚಿಕೊಳ್ಳುತ್ತಾಳೆ. ಆಮೇಲೆ ಬಿಟ್ಟ ಸ್ವರದಿಂದಲೇ ಅಳು ಮುಂದುವರಿಯುತ್ತದೆ. ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದಕ್ಕಿಂತ ದೊಡ್ಡ ಅಭಿನಯ ಭೂಮಿಯ ಮೇಲೆ ಇರಲಾರದು ಎಂದು ನಾನು ನಂಬಿದ್ದೆ.

ಇಷ್ಟು ಕೇಳಿದ ಮೇಲೆ ನನಗೆ ಯಾವ ಪಾರ್ಟು ಸಿಗುತ್ತಿತ್ತು ಎಂದು ನೀವು ಕೇಳಬಹುದು. ದ್ವಾರಪಾಲಕನದು. ಪ್ರತಿ ವರ್ಷವೂ ದ್ವಾರಪಾಲಕನದೇ. ‘ಪ್ರಭೂ, ದೂತ ಬಂದಿದ್ದಾನೆ’ ಎಂಬುದು ನನ್ನ ಇಡೀ ರಂಗಜೀವನದ ಸಾಹಿತ್ಯ. ಒಮ್ಮೆ ಅದನ್ನೇ ರಾಗವಾಗಿ ಆಲಾಪಿಸಲು ಹೋಗಿ, ನನ್ನ ಆಲಾಪ ಮುಗಿಯುವ ಮೊದಲೇ ದೂತ ಒಳಗೆ ಬಂದು ಪತ್ರ ಕೊಟ್ಟು ಹೊರಟುಹೋಗಿದ್ದ. ಪ್ರಭುಗಳು ಪತ್ರ ಓದಿ ಯುದ್ಧಕ್ಕೂ ಹೊರಟಿದ್ದರು. ನಾನು ಖಾಲಿ ಸಿಂಹಾಸನಕ್ಕೆ ಸುದ್ದಿ ಮುಟ್ಟಿಸಿ ಬಂದೆ.

ಮನೆಯಲ್ಲಿ ನನ್ನ ಕಲೆಗೆ ಸಾಕ್ಷಿಯಾಗಿ ಒಂದು ಪೇಟಿ ಇದೆ. ಮುಚ್ಚಿಹೋದ ಕಂಪನಿಯೊಂದರ ಸಾಮಾನು ಹರಾಜಾದಾಗ ತಂದದ್ದು. ತಿದಿ ಒತ್ತಿದ ಕೂಡಲೇ ಅದರಲ್ಲೊಂದು ಸ್ವರ, ಕೋಮಲ ಧೈವತ, ಯಾರೂ ಮುಟ್ಟದೆ ತಾನೇ ಕೂಗತೊಡಗುತ್ತದೆ. ಪಕ್ಕದ ಮನೆಯ ಎಮ್ಮೆ ಅದಕ್ಕೆ ಓಗೊಡುತ್ತದೆ. ಜೋಳದ ಚೀಲ ಇಡುವ ಜಾಗದಲ್ಲಿ ಪೇಟಿ ಕೂತಿರುವುದರಿಂದ ನಮ್ಮ ಮನೆಯಾಕಿಗೆ ಅದರ ಮೇಲೆ ಹಳೆಯ ಹಗೆ. ‘ಚೀಲ ಇದ್ರ ವರ್ಷ ಉಣ್ಣತಿದ್ವಿ. ಇದು ನಮ್ಮನ್ನೇ ಉಣ್ಣಕತ್ತದ’ ಎನ್ನುವುದು ಅವಳ ವಾದ. ವಾದದಲ್ಲಿ ಹುರುಳಿದ್ದ ಕಾರಣ ನಾನು ಉತ್ತರ ಕೊಡುವ ಗೋಜಿಗೆ ಹೋಗಿಲ್ಲ.

ಹೀಗೆ ಸುಖವಾಗಿದ್ದ ಸಂಸಾರಕ್ಕೆ ಅಳಿಯ ಬಂದ. ಧಾರವಾಡದ ಹುಡುಗ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ನಾಟಕದ ಹುಚ್ಚು. ‘ನಾಟಕದ ಹುಚ್ಚು’ ಎಂದು ಕೇಳಿ ಕನ್ಯಾ ಕೊಟ್ಟವನು ನಾನೇ. ಯಾವ ನಾಟಕ ಎಂದು ಕೇಳುವುದು ಹೊಳೆಯಲಿಲ್ಲ. ಮದುವೆಯಾದ ಹೊಸದರಲ್ಲೇ ಅವನು ನಮ್ಮಿಬ್ಬರನ್ನೂ ಕಲಬುರಗಿಯ ಎಸ್.ಎಂ. ಪಂಡಿತ ರಂಗಮಂದಿರಕ್ಕೆ ಕರೆದೊಯ್ದ. ಯಾವುದೋ ಹವ್ಯಾಸಿ ತಂಡದ ಹೊಸ ನಾಟಕ.

ಸಂಜೆ ಏಳಕ್ಕೆ ಶುರು! ಅಲ್ಲೇ ನನ್ನ ಮೊದಲ ಕಾನೂನು ಮುರಿಯಿತು. ಪರದೆ ಎಲ್ಲಿ ಎಂದು ಹುಡುಕಿದರೆ ಹಿಂದೆ ಬರೀ ಕರಿ ಬಟ್ಟೆ. ನಡುವೆ ಒಂದು ಸ್ಟೂಲು. ನಾನು ಯಾರೋ ಬಲ್ಬು ಹಾಕುವವರು ಮರೆತು ಹೋಗಿದ್ದಾರೆ ಎಂದುಕೊಂಡೆ. ಆಮೇಲೆ ತಿಳಿಯಿತು, ಅದೇ ಸಿಂಹಾಸನ, ಅದೇ ಬೆಟ್ಟ, ಕೊನೆಗೆ ಅದೇ ಹೆಣ. ಪೈಜಾಮದ ಮನುಷ್ಯನೊಬ್ಬ ಬಂದ. ಕಿರೀಟವಿಲ್ಲ, ಮೀಸೆಯೂ ಇಲ್ಲ. ಅವನು ರಾಜನಂತೆ. ಬಂದವನು ಸ್ಟೂಲಿನ ಪಕ್ಕ ನಿಂತ. ನಿಂತೇ ನಿಂತ. ಮಾತಿಲ್ಲ, ಹಾಡಿಲ್ಲ. ನನ್ನ ಎದೆ ಡವಡವ ಎನ್ನತೊಡಗಿತು. ಪಾಪ, ಹುಡುಗ ಮಾತು ಮರೆತಿದ್ದಾನೆ! ತೆರೆಮರೆಯಲ್ಲಿ ಎತ್ತಿಕೊಡುವವನೂ ನಿದ್ದೆ ಹೋಗಿರಬೇಕು. ರಂಗಭೂಮಿಯ ಮಾನ ನನ್ನ ಕೈಯಲ್ಲಿದೆ ಎನಿಸಿ ಎರಡನೆಯ ಸಾಲಿನಿಂದಲೇ ಬಾಯಿಗೆ ಕೈ ಅಡ್ಡ ಹಿಡಿದು, ‘ಹಾ ವಿಧಿಯೇ!’ ಎಂದು ಎತ್ತಿಕೊಟ್ಟೆ.

ರಂಗಮಂದಿರ ಗೊಳ್ಳೆಂದಿತು. ರಾಜನ ತುಟಿಯೂ ತುಸು ಅಲುಗಿತು. ಅಳಿಯ ಕುರ್ಚಿಯಲ್ಲಿ ಎಷ್ಟು ಕೆಳಗೆ ಇಳಿದನೆಂದರೆ ಹಿಂದಿನ ಸಾಲಿನವರಿಗೆ ಅವನ ಕುರ್ಚಿ ಖಾಲಿ ಕಂಡಿರಬೇಕು. ‘ಮಾವಾರ, ಅದು ಮೌನ. ನಾಟಕದಾಗೇ ಅದ’ ಎಂದು ಪಿಸುಗುಟ್ಟಿದ. ಎಂಟೂವರೆಗೆ ಎಲ್ಲ ಮುಗಿದು ದೀಪ ಹತ್ತಿದವು. ನಾನು ಮಧ್ಯಂತರವೆಂದು ತಿಳಿದು ಚಹಾಕ್ಕೆ ಎದ್ದರೆ ಜನ ಮನೆಗೆ ಹೊರಟಿದ್ದರು.

ಬಾಡಿಗೆ ಕಾರಿನಲ್ಲಿ ವಾಪಸು ಬರುವಾಗ ಶಹಾಪುರದ ಬಳಿ ಬೆಳದಿಂಗಳಲ್ಲಿ ಮಲಗಿದ ಬುದ್ಧನ ಗುಡ್ಡ ಕಂಡಿತು. ‘ಆತನೂ ಇಂಥಾದ್ದೇ ನಾಟಕ ನೋಡಿ ಬಂದು ಮಲಗಿರಬೇಕು’ ಎಂದೆ. ಹಿಂದಿನ ಸೀಟಿನಿಂದ ಮನೆಯಾಕಿ, ‘ಆತ ಸುಮ್ನ ಮಲಗ್ಯಾನ, ಯಾರಿಗೂ ಮಾತು ಎತ್ತಿಕೊಟ್ಟಿಲ್ಲ’ ಎಂದಳು. ಆ ರಾತ್ರಿ ತಿಂಥಣಿಯ ತನಕ ಕಾರಿನಲ್ಲಿ ಮೌನವೇ ನಡೆಯಿತು, ಅದು ನಾಟಕದೊಳಗಿನದಲ್ಲ.

ಅದಾದ ಮೇಲೆ ಅಳಿಯನಿಗೂ ನನಗೂ ನಾಟಕದ ವಿಷಯದಲ್ಲಿ ಕದನವಿರಾಮ. ಅವನು ಹಬ್ಬಕ್ಕೆ ಬಂದರೆ ಹೋಳಿಗೆ, ಬೆಳೆ, ನಾರಾಯಣಪುರ ಡ್ಯಾಮಿನ ನೀರಿನ ಮಟ್ಟ ಇಷ್ಟರಲ್ಲೇ ಮಾತು ಮುಗಿಯುತ್ತಿತ್ತು. ಕದನವಿರಾಮ ಮುರಿದದ್ದು 2020ರ ಲಾಕ್‌ಡೌನ್. ಮಗಳು ಅಳಿಯ ಇಬ್ಬರೂ ಲ್ಯಾಪ್‌ಟಾಪ್ ಹೊತ್ತುಕೊಂಡು ತಿಂಥಣಿಗೆ ಬಂದರು. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಮಾಳಿಗೆಯ ಮೇಲೆ, ಅದೂ ಹೊಳೆಯ ಕಡೆಯ ಮೂಲೆಯಲ್ಲಿ ಮಾತ್ರ. ಹಾಗಾಗಿ ಬೆಂಗಳೂರಿನ ಎರಡು ಕಂಪನಿಗಳು ನಮ್ಮ ಮಾಳಿಗೆಯ ಮೇಲೆ, ಒಣಗಲು ಹಾಕಿದ ಮೆಣಸಿನಕಾಯಿಯ ಪಕ್ಕದಲ್ಲಿ ನಡೆಯತೊಡಗಿದವು. ಹಗಲು ಕಂಪನಿ, ರಾತ್ರಿ ಅಳಿಯನ ಮನರಂಜನೆ. ನಾಟಕ ಕಂಪನಿಗಳ ಕ್ಯಾಂಪುಗಳೆಲ್ಲ ಬಂದಾಗಿ, ಊರ ತಾಲೀಮೂ ನಿಂತು, ನನಗೆ ಕೈಕಾಲು ಕಟ್ಟಿಹಾಕಿದಂತಾಗಿತ್ತು. ಆಗ ಅಳಿಯ ಹೆದರುತ್ತ ಹೆದರುತ್ತ ಒಂದು ಮಾತು ಹೇಳಿದ.

‘ಮಾವಾರ, ಒಂದು ಒಪೆರಾ ಅದ. ನ್ಯೂಯಾರ್ಕಿಂದು. ಗಾಂಧೀಜಿ ಮ್ಯಾಲ. ನೋಡ್ತೀರೇನು?’

‘ಒಪೆರಾ ಅಂದ್ರ?’

‘ಮಾತೆಲ್ಲಾ ಹಾಡಿನಾಗೇ ಇರ್ತದ್ರಿ. ದೊಡ್ಡ ಮ್ಯಾಳ, ದೊಡ್ಡ ವೇಷ.’

‘ಅಂದ್ರ ನಮ್ಮ ಬಯಲಾಟ.’

‘ಹೆಚ್ಚೂಕಡಿಮಿ ಹಂಗs.’

ಈ ‘ಹೆಚ್ಚೂಕಡಿಮಿ’ಯಲ್ಲೇ ನಾನು ಸಿಕ್ಕಿಬಿದ್ದೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇಟಲಿಯಲ್ಲಿ ಕೆಲವರು ಗ್ರೀಕರ ಪ್ರಾಚೀನ ನಾಟಕವನ್ನು ಮತ್ತೆ ಬದುಕಿಸುತ್ತೇವೆಂದು ಹೊರಟು, ಅದನ್ನು ಬದುಕಿಸಲಾಗದೆ, ಬೇರೆಯದೇ ಒಂದು ಕೂಸನ್ನು ಹಡೆದರಂತೆ. ಅದೇ ಒಪೆರಾ. 1607ರಲ್ಲಿ ಮಾಂಟೆವೆರ್ಡಿ ಎಂಬಾತನ ‘ಓರ್ಫಿಯೊ’ ಮಾಂಟುವಾ ಎಂಬ ಊರಿನ ಅರಮನೆಯಲ್ಲಿ ನಡೆಯಿತು, ಅದನ್ನು ಇವತ್ತಿಗೂ ಆಡುತ್ತಾರೆ. ಕನ್ನಡದಲ್ಲೂ ಇದರ ಬೀಜ ಬಿದ್ದಿದೆ: ಪು.ತಿ.ನ. ‘ಗೋಕುಲ ನಿರ್ಗಮನ’ವೆಂಬ ಗೀತನಾಟಕ ಬರೆದರು, ಬಿ.ವಿ. ಕಾರಂತರು ಅದನ್ನು ಆಡಿಸಿದರು. ಶಿವರಾಮ ಕಾರಂತರೂ ಗೀತನಾಟಕಗಳಲ್ಲಿ ಕೈಯಾಡಿಸಿದವರೇ. ಇನ್ನು ಅಳಿಯ ತೋರಿಸಲು ಹೊರಟದ್ದು ‘ಸತ್ಯಾಗ್ರಹ’. ಬರೆದವನು ಅಮೆರಿಕದ ಫಿಲಿಪ್ ಗ್ಲಾಸ್. ಮೊದಲ ಪ್ರಯೋಗ 1980ರಲ್ಲಿ, ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ. ಹಾಡುವ ಭಾಷೆ ಸಂಸ್ಕೃತ. ಸಾಹಿತ್ಯ ಪೂರ್ತಿ ಭಗವದ್ಗೀತೆಯದು.

‘ಮೊದಲ ಸೀನು ಯಾವುದು?’ ಎಂದೆ, ಪರೀಕ್ಷಕನ ಧಾಟಿಯಲ್ಲಿ.

‘ಕುರುಕ್ಷೇತ್ರ’ ಎಂದ ಅಳಿಯ.

ನಾನು ಜಮಖಾನ ಹೆಗಲಿಗೇರಿಸಿ ಮಾಳಿಗೆ ಹತ್ತಿದೆ.

ಪ್ರೇಕ್ಷಕರು ನಾಲ್ವರು. ಮನೆಯಾಕಿ ಶೇಂಗಾ ಸುಲಿಯುವ ಮೊರದೊಂದಿಗೆ ಬಂದಿದ್ದಳು. ನಾಟಕ ಕೆಟ್ಟರೂ ಕೆಲಸ ಕೆಡಬಾರದು ಎಂಬ ತತ್ವದವಳು. ಲ್ಯಾಪ್‌ಟಾಪನ್ನು ಪೇಟಿಯ ಮೇಲೆ ಇಟ್ಟೆವು; ಅದು ಬಂದಾಗಿನಿಂದ ಮನೆಯಾಕಿ ಒಪ್ಪಿದ ಅದರ ಮೊದಲ ಉಪಯೋಗ ಇದು. ಗಾಂಧಿ ವೇಷದ ಮನುಷ್ಯ ಒಬ್ಬನೇ ನಿಂತು ಹಾಡತೊಡಗಿದ. ಆಮೇಲೆ ಅರ್ಜುನ ಬಂದ, ಕೃಷ್ಣನೂ ಬಂದ. ನನಗೆ ಕಿರೀಟದ ಆಸೆ ಇತ್ತು, ಈಡೇರಲಿಲ್ಲ. ಆದರೂ ಸುಮ್ಮನಿದ್ದೆ. ತೊಂದರೆ ಶುರುವಾದದ್ದು ಹಾಡಿನಲ್ಲಿ. ಅದೇ ಸಾಲು. ಮತ್ತೆ ಅದೇ ಸಾಲು. ಸ್ವಲ್ಪ ಬದಲಾಯಿತೇನೋ ಎಂದು ಕಿವಿ ಕೊಟ್ಟರೆ ಮತ್ತೆ ಅದೇ ಸಾಲು.

‘ಅಳಿಯಂದ್ರ, ನೆಟ್‌ವರ್ಕ್ ಸಿಕ್ಕಿಬಿದ್ದದ ನೋಡ್ರಿ’ ಎಂದೆ.

‘ಇಲ್ಲರಿ ಮಾವಾರ. ಅದು ಹಾಂಗs ಅದ.’

‘ಯಾರರ ಒನ್ಸ್ ಮೋರ್ ಅಂದ್ರೇನು?’

‘ಯಾರೂ ಅನ್ನಂಗಿಲ್ಲರಿ. ಅವರs ಹಾಡತಾರ.’

ಇದು ನನಗೆ ತೀರಾ ಅನ್ಯಾಯವೆನಿಸಿತು. ನಮ್ಮಲ್ಲಿ ಮೆಚ್ಚಿದರೆ ಮಾತ್ರ ಮತ್ತೊಮ್ಮೆ. ಇಲ್ಲಿ ಕೇಳದೆಯೇ ಮತ್ತೊಮ್ಮೆ, ಮಗದೊಮ್ಮೆ. ಕೇಳದೆ ಬಡಿಸಿದ ಅನ್ನದ ಮುಂದೆ ಕೂತ ಬೀಗನ ಹಾಗೆ ಒಳಗೊಳಗೇ ಒದ್ದಾಡಿ, ಮೊದಲ ಅಂಕ ಮುಗಿಯುವುದರೊಳಗೆ ನಾನು ಜಮಖಾನದ ಮೇಲೆ ಅಡ್ಡಾಗಿದ್ದೆ. ಆಮೇಲೆ ನಡೆದದ್ದಕ್ಕೆ ನನ್ನ ಗೊರಕೆಯೇ ಹಿಮ್ಮೇಳವೆಂದು ಮಗಳು ಹೇಳಿದಳು.

ಎಚ್ಚರವಾದಾಗ ಮನೆಯಾಕಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಕಣ್ಣು ನೆಟ್ಟು ಕೂತಿದ್ದಳು. ನಾನು ಹಾಡಿದಾಗ ಅವಳು ಕೆಲಸ ನಿಲ್ಲಿಸಿದ್ದನ್ನು ಈ ಜನ್ಮದಲ್ಲಿ ಕಂಡಿಲ್ಲ. ತೆರೆಯ ಮೇಲೆ ಜನರ ಗುಂಪು ಗಾಂಧಿಯನ್ನು ಸುತ್ತುವರಿದಿತ್ತು. ಒಬ್ಬ ಹೆಂಗಸು ಛತ್ರಿ ಹಿಡಿದು ಅವನನ್ನು ಕಾಯುತ್ತಿದ್ದಳು. 1897ರಲ್ಲಿ ಡರ್ಬಾನಿನಲ್ಲಿ ಗಾಂಧೀಜಿ ಹಡಗಿನಿಂದ ಇಳಿದಾಗ ಬಿಳಿಯರ ಗುಂಪು ಕಲ್ಲು ಮೊಟ್ಟೆ ತೂರಿ ಹೊಡೆಯಲು ಬಂದದ್ದೂ, ಪೊಲೀಸ್ ಸೂಪರಿಂಟೆಂಡೆಂಟ್ ಅಲೆಕ್ಸಾಂಡರನ ಹೆಂಡತಿ ತನ್ನ ಛತ್ರಿ ಬಿಚ್ಚಿ ಅಡ್ಡ ನಿಂತು ಉಳಿಸಿದ್ದೂ ನಾನು ಸಾಲಿಯಲ್ಲಿ ಹುಡುಗರಿಗೆ ಹೇಳಿಕೊಟ್ಟ ಪಾಠವೇ. ಆದರೆ ಛತ್ರಿಯನ್ನು ನಾನು ಯಾವತ್ತೂ ಅಷ್ಟು ಹೊತ್ತು ಬಿಚ್ಚಿ ಹಿಡಿದಿರಲಿಲ್ಲ. ಒಂದೇ ವಾಕ್ಯದಲ್ಲಿ ಮುಗಿಸಿ ಮುಂದಿನ ಪ್ರಶ್ನೆಗೆ ಹೋಗಿದ್ದೆ.

‘ನೋಡ್ರಿ, ಗಂಡಸರು ಬರೇ ಹಾಡಕತ್ತಾರ. ಕೆಲಸಾ ಮಾಡಕಿ ಒಬ್ಬಾಕಿ ಹೆಣಮಗಳು’ ಎಂದಳು ಮನೆಯಾಕಿ.

‘ಸಂಸ್ಕೃತ ತಿಳೀತೇನು ನಿನಗ?’ ಎಂದೆ.

‘ಛತ್ರಿ ತಿಳೀತು’ ಎಂದಳು.

ಮುಂದಿನ ಸೀನುಗಳಲ್ಲಿ ಹಳೇ ಪೇಪರು ಅಂಟಿಸಿ ಮಾಡಿದ ಆಳೆತ್ತರ ಮೀರಿದ ಬೊಂಬೆಗಳು ರಂಗದ ಮೇಲೆ ನಡೆದಾಡಿದವು. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ‘ಇಂಡಿಯನ್ ಒಪೀನಿಯನ್’ ಪತ್ರಿಕೆ ನಡೆಸಿದರಲ್ಲ, ಆ ನೆಪದಿಂದ ಇಡೀ ರಂಗಸಜ್ಜಿಕೆಯಲ್ಲೇ ಪತ್ರಿಕೆಯ ಹಾಳೆಗಳ ದರ್ಬಾರು. ಇದನ್ನು ಕಂಡ ಮನೆಯಾಕಿ ನನ್ನ ಕಡೆ ತಿರುಗಿ, ‘ನೀವು ಇಪ್ಪತ್ತು ವರ್ಷದ್ದು ರದ್ದಿ ಕೂಡಿಟ್ಟೀರಿ. ಒಂದು ಬೊಂಬಿಯರ ಆತೇನು?’ ಎಂದಳು. ನಾನು ಮತ್ತೆ ನಿದ್ದೆ ಹೋದಂತೆ ನಟಿಸಿದೆ. ಅದು ನನ್ನ ಜೀವನದ ಅತ್ಯುತ್ತಮ ಅಭಿನಯ. ಯಾರೂ ಆಯೇರಿ ಮಾಡಲಿಲ್ಲ.

ಮರುದಿನ ಚಹಾದ ಹೊತ್ತಿಗೆ ನಾನು ಯುದ್ಧ ಸಾರಿದೆ. ‘ಇದರಾಗ ಶಾಸ್ತ್ರ ಇಲ್ಲ, ಪರಂಪರೆ ಇಲ್ಲ. ನಮ್ಮ ರಕ್ತರಾತ್ರಿ ನೋಡು. ಅನಾದಿ ಕಾಲದಿಂದ ಬಂದದ್ದು.’

‘ಕಂದಗಲ್ ಹನುಮಂತರಾಯರು 1966ರ ತನಕ ಇದ್ರು, ಅಪ್ಪಾ’ ಎಂದಳು ಮಗಳು. ‘ಅಜ್ಜ ಅವರನ್ನ ಕಂಡಿದ್ರೂ ಕಂಡಿರಬಹುದು. ಅನಾದಿ ಎಲ್ಲಿಂದ ಬಂತು?’

ನಾನು ಪಟ್ಟು ಬದಲಿಸಿದೆ. ‘ಹೋಗಲಿ, ಪೇಟಿ? ಅದರ ಮುಂದ ಈ ಪರದೇಶದ ವಾದ್ಯ ಯಾವ ಲೆಕ್ಕ?’

ಅಳಿಯ ಚಹಾದ ಕಪ್ಪು ಕೆಳಗಿಟ್ಟ. ಆಗಲೇ ನನಗೆ ಗೊತ್ತಾಗಬೇಕಿತ್ತು. ‘ಮಾವಾರ, ಪೇಟಿನೂ ಪರದೇಶದ್ದೇರಿ. 1840ರ ದಶಕದಾಗ ಪ್ಯಾರಿಸ್ಸಿನಾಗ ಹುಟ್ಟಿದ್ದು. ಇದು ನಮ್ಮ ಸಂಗೀತಕ್ಕ ಸಲ್ಲದು ಅಂತ ಆಕಾಶವಾಣಿಯವರು 1940ರಿಂದ 1971ರ ತನಕ ಬಾಗಿಲೊಳಗs ಬಿಟ್ಟಿರಲಿಲ್ಲ.’

ನಾನು ಪೇಟಿಯ ಕಡೆ ನೋಡಿದೆ. ಅದು ಏನೂ ಆಗದಂತೆ ಕೂತಿತ್ತು. ಇಷ್ಟು ವರ್ಷ ನನ್ನ ಮನೆಯಲ್ಲಿದ್ದೂ ಇಂಥ ಸುದ್ದಿ ಬಚ್ಚಿಟ್ಟಿತ್ತು.

ಅಳಿಯ ಅಲ್ಲಿಗೇ ಬಿಡಲಿಲ್ಲ. ನಾನು ಪ್ರಾಣ ಬಿಡುವ ಕಾಡು, ಅರಮನೆಗಳ ಪರದೆಗಳು ಪಾರ್ಸಿ ಕಂಪನಿಗಳ ಕೊಡುಗೆಯಂತೆ. ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಸಂಗೀತ ಶಾಕುಂತಲ’ ಆಡಿದಾಗ ಅದೂ ಹೊಚ್ಚ ಹೊಸ ಆಟವೇ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಾಗ ಹಳಬರು ಏನೆಂದಿದ್ದರೋ! ಅದೇ ಗುಬ್ಬಿ ಕಂಪನಿಗೆ ಮನೆ ಬಿಟ್ಟು ಓಡಿಬಂದು ಸೇರಿದ ಹುಡುಗ ಬಿ.ವಿ. ಕಾರಂತ ಮುಂದೆ ‘ಹಯವದನ’ಕ್ಕೆ, ‘ಜೋಕುಮಾರಸ್ವಾಮಿ’ಗೆ ಸಂಗೀತ ಕೊಟ್ಟು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ರಾತ್ರಿಯಿಡೀ ಆಡುವ ಆಟ ಬೇಕೆನ್ನುವ ನನ್ನಂಥವರ ಬಾಯಿ ಮುಚ್ಚಿಸಲೆಂದೇ ಇರಬೇಕು, ರಂಗಾಯಣದವರು 2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಒಂಬತ್ತು ತಾಸು ಆಡಿದರು, ಬೆಳಗಿನ ತನಕ.

‘ಒಪೆರಾದ ದೇಶದಾಗೂ ನಿಮ್ಮಂಥವರು ಇದ್ದರ್ರಿ’ ಎಂದು ಅಳಿಯ ಕೊನೆಯ ಬಾಣ ಬಿಟ್ಟ. 1853ರಲ್ಲಿ ವರ್ಡಿ ಎಂಬಾತ ‘ಲಾ ಟ್ರಾವಿಯಾಟಾ’ ಎಂಬ ಒಪೆರಾ ಬರೆದಾಗ ಪಾತ್ರಗಳು ತನ್ನ ಕಾಲದ ಉಡುಪಿನಲ್ಲೇ ಇರಲಿ ಎಂದು ಹಟ ಹಿಡಿದನಂತೆ. ವೆನಿಸ್ಸಿನ ಥೇಟರಿನವರು ಒಪ್ಪಲಿಲ್ಲ. ನೂರೈವತ್ತು ವರ್ಷ ಹಿಂದಿನ ಜರತಾರಿ ಹೊದಿಸಿದರು. ಮೊದಲ ರಾತ್ರಿ ಆಟ ಬಿದ್ದೇ ಹೋಯಿತು. ಬಿಜೆ ಎಂಬಾತನ ‘ಕಾರ್ಮೆನ್’ 1875ರಲ್ಲಿ ಪ್ಯಾರಿಸ್ಸಿನ ಜನಕ್ಕೆ ಹಿಡಿಸಲಿಲ್ಲ. ಮೂರು ತಿಂಗಳಿಗೆ ಬಿಜೆ ತೀರಿಕೊಂಡ. ಇವತ್ತು ಅಲ್ಲಿಯ ಹಳಬರು ಹೊಸ ಒಪೆರಾ ಬಂದಾಗ ಮೂಗು ಮುರಿದು, ‘ಎಲ್ಲಿಯ ಟ್ರಾವಿಯಾಟಾ, ಎಲ್ಲಿಯ ಕಾರ್ಮೆನ್’ ಎನ್ನುತ್ತಾರಂತೆ. ಅಂದರೆ ದ್ವಾರಪಾಲಕರು ಎಲ್ಲ ಊರಲ್ಲೂ ಇದ್ದಾರೆ, ಬಾಗಿಲು ಮಾತ್ರ ಬೇರೆ ಬೇರೆ.

ಇಷ್ಟಕ್ಕೂ ನಾನು ಸೋಲುತ್ತಿರಲಿಲ್ಲ. ಕೊನೆಯ ಏಟು ರೊಟ್ಟಿ ಬಡಿಯುತ್ತಿದ್ದವಳ ಕಡೆಯಿಂದ ಬಂತು. ‘ಮೋನಪ್ಪಯ್ಯನ ಜಾತ್ರ್ಯಾಗ ಹಿಂದೂಗಳು, ಮುಸಲರು ಒಂದs ಜೈಕಾರ ಹಾಕ್ತಾರ. ಅದರಾಗ ಪೀರರ ಹೆಸರೂ ಅದ, ಮಹಾದೇವನ ಹೆಸರೂ ಅದ. ಇದು ನಮ್ಮದು, ಇದು ಅವರದು ಅಂತ ಆಗ ನೀವು ಕೇಳಂಗಿಲ್ಲ, ಎಲ್ಲಾರಿಗಿಂತ ಜೋರ ಕೂಗ್ತೀರಿ. ಈಗ ನ್ಯೂಯಾರ್ಕಿನವರು ಗೀತಾ ಹಾಡಿದ್ರ ಹೊಟ್ಟಿ ಯಾಕ ಬ್ಯಾನಿ?’

ಹೆಂಡತಿ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಹೇಳುವುದು ಅಪಾಯ. ಗೊತ್ತಿಲ್ಲದಿದ್ದರಂತೂ ಎದ್ದು ಹೊಳೆಯ ಕಡೆ ಹೋಗುವುದೇ ಮೇಲು. ಹೋದೆ.

ಆದರೆ ಆ ಹಾಡು ಹಿಂದೆ ಬಂತು. ಬೇಡವೆಂದರೂ ಬಾಯಿಗೆ ಬರುತ್ತಿತ್ತು. ಹಲ್ಲುಜ್ಜುವಾಗ ಬಂತು, ನೆಲ್ಲಿನ ಗದ್ದೆಯ ಬದುವಿನ ಮೇಲೆ ಬಂತು. ನಾಲ್ಕು ಜನ ಕೂಡುವಂತಿಲ್ಲದ ಕಾಲ; ಊರು ಪೂರ್ತಿ ನಿಶ್ಶಬ್ದ; ತಲೆಯಲ್ಲಿ ಮಾತ್ರ ನ್ಯೂಯಾರ್ಕಿನ ಮ್ಯಾಳ. ಒಂದು ರಾತ್ರಿ ನಾನೇ, ಯಾರಿಗೂ ಕೇಳಿಸದಂತೆ, ‘ಅಳಿಯಂದ್ರ, ಆ ಆಟ ಇನ್ನೊಮ್ಮೆ ಹಾಕ್ರಿ’ ಎಂದೆ. ‘ಒನ್ಸ್ ಮೋರ್ ಏನ್ರಿ ಮಾವಾರ?’ ಎಂದು ಅವನು ಊರಿಗೇ ಕೇಳಿಸುವಂತೆ ಕೇಳಿದ.

ಈ ಸಲ ಕೂತೆ, ಮಲಗಲಿಲ್ಲ. ಮುಂದೇನಾಗುತ್ತದೆ ಎಂದು ಕಾಯುವುದನ್ನು ಬಿಟ್ಟೆ. ಅದರಿಂದ ದೊಡ್ಡ ಉಪಕಾರವಾಯಿತು. ಅದೇ ಸಾಲು ಎಂದುಕೊಂಡಿದ್ದರಲ್ಲಿ ಒಂದೊಂದು ಮಾತ್ರೆ ಸೇರುತ್ತಿತ್ತು, ಒಂದೊಂದು ಜಾರುತ್ತಿತ್ತು. ತಬಲಾದವರು ತಿಹಾಯಿ ಕಟ್ಟುವಾಗ ಬೆರಳು ಮಡಚುತ್ತೇವಲ್ಲ, ಹಾಗೆ ಮಡಚುತ್ತ ಹೋದರೆ ಲೆಕ್ಕ ಸಿಗುತ್ತಿತ್ತು. ಅಳಿಯ ಹೇಳಿದ: ಈ ಗ್ಲಾಸ್ 1960ರ ದಶಕದ ನಡುವಿನಲ್ಲಿ ಪ್ಯಾರಿಸ್ಸಿನಲ್ಲಿ ರವಿಶಂಕರರ ಜೊತೆ ಕೆಲಸ ಮಾಡಿದವನು, ಅವರ ಸಂಗೀತವನ್ನು ಬರೆದಿಡುವಾಗ ತಾಳದ ಈ ಗುಟ್ಟು ಅವನಿಗೆ ಹೊಳೆದದ್ದು, ಅಲ್ಲಿ ಅಲ್ಲಾರಖಾ ಅವರ ತಬಲಾವೂ ಇತ್ತು. ಆಮೇಲೆ ಕೇರಳಕ್ಕೆ ಬಂದು ರಾತ್ರಿಯಿಡೀ ಕೂತು ಕಥಕ್ಕಳಿ ನೋಡಿದ್ದಾನೆ. ರಾತ್ರಿಯಿಡೀ! ನನಗೆ ಆ ಮನುಷ್ಯನ ಮೇಲೆ ಏಕಾಏಕಿ ಬಂಧುಭಾವ ಉಕ್ಕಿತು.

ಇನ್ನೊಂದು ಸಂಗತಿ ನನ್ನನ್ನು ಪೂರ್ತಿ ಕೆಡವಿತು. 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನಲ್ಲಿ ಭಾರತೀಯರು ಅನ್ಯಾಯದ ಕಾಯಿದೆಗೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಸತ್ಯಾಗ್ರಹದ ಹುಟ್ಟು ಅದೇ. ಒಪೆರಾದಲ್ಲಿ ಆ ಸೀನಿದೆ. ಆ ಸಭೆ ಸೇರಿದ್ದು ಎಲ್ಲಿ? ಎಂಪೈರ್ ಥಿಯೇಟರಿನಲ್ಲಿ. ನಾಟಕದ ಥೇಟರು! ಗಾಂಧೀಜಿ ಹುಡುಗರಿದ್ದಾಗ ಊರಿಗೆ ಬಂದ ನಾಟಕ ಕಂಪನಿಯ ‘ಹರಿಶ್ಚಂದ್ರ’ ನೋಡಿ, ಅದನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಆಡಿಕೊಳ್ಳುತ್ತಿದ್ದರೆಂದು ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಅಂದರೆ ಮಹಾತ್ಮರೂ ಕಂಪನಿ ನಾಟಕದ ಗಿರಾಕಿಯೇ, ಒನ್ಸ್ ಮೋರ್ ಪಾರ್ಟಿಯೇ. ಈ ಆಟ ನಮ್ಮ ಪಂಗಡದ್ದು ಎಂದು ನಾನು ಘೋಷಿಸಿಬಿಟ್ಟೆ.

ಕೊನೆಯ ಅಂಕದಲ್ಲಿ, 1913ರ ನ್ಯೂಕ್ಯಾಸಲ್ ಮೆರವಣಿಗೆಯ ನಂತರ, ಗಾಂಧಿ ಒಬ್ಬನೇ ನಿಂತು ಹಾಡುತ್ತಾನೆ. ಎಂಟು ಸ್ವರ, ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ ಬರೀ ಆರೋಹಣ, ಮೂವತ್ತು ಸಲ. ಸಾಹಿತ್ಯ ಗೀತೆಯ ನಾಲ್ಕನೆಯ ಅಧ್ಯಾಯದ್ದು. ಧರ್ಮಕ್ಕೆ ಗ್ಲಾನಿಯಾದಾಗ ನಾನು ಬರುತ್ತೇನೆ ಎಂದು ಕೃಷ್ಣ ಹೇಳುವುದು. ಮೊದಲ ನಾಲ್ಕೈದು ಸಲ ನಾನು ಎಣಿಸಿದೆ. ಆಮೇಲೆ ಎಣಿಸುವುದು ಮರೆತು ಹೋಯಿತು. ಎದ್ದು ಲ್ಯಾಪ್‌ಟಾಪನ್ನು ಮಗಳ ಕೈಗೆ ಕೊಟ್ಟು, ಪೇಟಿಯ ಮುಚ್ಚಳ ತೆಗೆದು, ಆ ಸ್ವರಗಳನ್ನು ಹುಡುಕಿದೆ. ಕೋಮಲ ರಿಷಭ, ಕೋಮಲ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೋಮಲ ಧೈವತ, ಕೋಮಲ ನಿಷಾದ. ಭೈರವಿ! ರಾತ್ರಿಯೆಲ್ಲ ಹಾಡಿ ಬೆಳಗಿಗೆ ಮಂಗಳ ಹಾಡುವ ಮುನ್ನ ನಮ್ಮ ಮಾಸ್ತರು ಹಿಡಿಯುತ್ತಿದ್ದ ಭೈರವಿಯ ಸ್ವರಗಳೇ. ಒಪೆರಾದವರು ಅದಕ್ಕೆ ಬೇರೆ ಹೆಸರು ಹೇಳುತ್ತಾರೆ, ಹೇಳಲಿ. ಇಷ್ಟೂ ವರ್ಷ ಕರೆಯದೆ ಕೂಗುತ್ತಿದ್ದ ನನ್ನ ಪೇಟಿಯ ಕೋಮಲ ಧೈವತಕ್ಕೆ ಆವತ್ತು ಮೊದಲ ಬಾರಿಗೆ ಸರಿಯಾದ ರಾಗ ಸಿಕ್ಕಿತ್ತು. ಎಮ್ಮೆಯೂ ಓಗೊಟ್ಟಿತು, ಹೆಚ್ಚೂಕಡಿಮೆ ಶ್ರುತಿಯಲ್ಲೇ.

‘ಮೂವತ್ತು ಸಲ ಒಂದs ಹಾಡಿದ್ರೂ ಬ್ಯಾಸರಾಗಲಿಲ್ಲ ನೋಡ್ರಿ’ ಎಂದೆ ಕಣ್ಣೊರೆಸಿಕೊಂಡು.

‘ನನಗ ರೂಢಿ ಅದ’ ಎಂದಳು ಮನೆಯಾಕಿ. ‘ಲಗ್ನ ಆದಾಗಿಂದ ದೂತ ಬರೋದನ್ನ ದಿನಾ ಕೇಳಕತ್ತೀನಿ.’

ಹೊಸ ಮತಕ್ಕೆ ಸೇರಿದವನಿಗೆ ಸುಮ್ಮನಿರಲು ಆಗುವುದಿಲ್ಲ. ಗ್ಲಾಸ್ ಗುಣಗಾನ ಶುರುಮಾಡಿದೆ. ದೊಡ್ಡ ಹೆಸರು ಬಂದ ಮೇಲೂ ಹೊಟ್ಟೆಪಾಡಿಗೆ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿ ಓಡಿಸಿದವನು, ನಳ ರಿಪೇರಿ ಮಾಡಿದವನು ಎಂದು ಬಣ್ಣಿಸಿದೆ. ಬಣ್ಣಿಸಬಾರದಿತ್ತು. ‘ಹೌದೇನ್ರಿ? ಹಂಗಾದ್ರ ನೀವು ಬಚ್ಚಲದ ನಳ ರಿಪೇರಿ ಮಾಡಿ ಆಮ್ಯಾಗ ಹಾಡ್ರಿ’ ಎಂದಳು ಮನೆಯಾಕಿ. ಸಂಜೆಯ ತನಕ ಪಾನಾ ಹಿಡಿದು ಬಚ್ಚಲಲ್ಲಿ ಕೂತೆ. ನಳ ಈಗ ಮೊದಲಿಗಿಂತ ಜೋರಾಗಿ ಸೋರುತ್ತದೆ; ಆದರೆ ಲಯ ತಪ್ಪದೆ ಸೋರುತ್ತದೆ.

ಲಾಕ್‌ಡೌನ್ ಮುಗಿದು ಊರಲ್ಲಿ ಮತ್ತೆ ತಾಲೀಮು ಶುರುವಾದಾಗ ನಾನು ಹಿರಿಯರ ಮುಂದೆ ಸುಧಾರಣೆಯ ಪ್ರಸ್ತಾಪ ಇಟ್ಟೆ. ಒಂದೇ ಒಂದು ಸೀನು ಪರದೆ ಇಲ್ಲದೆ ಮಾಡೋಣ. ಹಿಂದೆ ಕರಿ ಬಟ್ಟೆ, ಮುಂದೆ ಒಂದು ಸ್ಟೂಲು. ಕುರುಕ್ಷೇತ್ರಕ್ಕೆ ಮುಂಚಿನ ಉದ್ವೇಗ ಜನಕ್ಕೆ ತಟ್ಟಬೇಕಾದರೆ ಒಂದೇ ಮಾತನ್ನು ಭೈರವಿಯಲ್ಲಿ ಮೂವತ್ತು ಸಲ ಹೇಳಿಸೋಣ. ಹಿರಿಯರೊಬ್ಬರು ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ ಕೇಳಿದರು: ‘ಮಾಸ್ತರ, ಮೂವತ್ತು ಸಲ ಯಾವ ಮಾತು ಹೇಳಬೇಕು?’

‘ಪ್ರಭೂ, ದೂತ ಬಂದಿದ್ದಾನೆ ಅಂತ.’

‘ಯಾರು ಹೇಳಬೇಕು?’

ನಾನು ವಿನಯದಿಂದ ನೆಲ ನೋಡಿದೆ. ಸಭೆ ಬರಖಾಸ್ತಾಯಿತು. ಆ ವರ್ಷ ದ್ವಾರಪಾಲಕನ ಪಾರ್ಟನ್ನೇ ತೆಗೆದುಹಾಕಿದರು. ದೂತ ಹೇಳಿಕೇಳದೆ ನೇರವಾಗಿ ಒಳಗೆ ಬಂದ. ಸುಧಾರಣೆ ಆಯಿತು, ನಾನು ಹೇಳಿದ ದಿಕ್ಕಿನಲ್ಲಿ ಆಗಲಿಲ್ಲ.

ಈಗ ನನ್ನ ತೀರ್ಪು ಕೇಳಿ. ರಕ್ತರಾತ್ರಿಯ ಮೇಲಿನ ನನ್ನ ಪ್ರೀತಿ ಒಂದು ಗುಂಜಿಯೂ ಕಡಿಮೆಯಾಗಿಲ್ಲ. ಶಕುನಿ ಬಂದರೆ ಇವತ್ತೂ ರೋಮ ನಿಲ್ಲುತ್ತದೆ. ಹೊಸದನ್ನು ಮೆಚ್ಚಲು ಹಳೆಯದನ್ನು ಬಿಡಬೇಕಾಗಿಲ್ಲ ಎಂಬುದು ತಡವಾಗಿ ತಿಳಿಯಿತು. ಹೊಸ ಆಟಗಳಲ್ಲಿ ಸೊಗಸಾದವೂ ಇವೆ, ಸ್ಟೂಲು ಬಿಟ್ಟರೆ ಬೇರೇನೂ ಇಲ್ಲದವೂ ಇವೆ. ಹಳೆಯವೂ ಹಾಗೇ ಇದ್ದಿರಬೇಕು. ಸೊಗಸಲ್ಲದವನ್ನು ಕಾಲವೇ ತೂರಿ ಎಸೆದು, ಕಾಳನ್ನಷ್ಟೇ ನನ್ನ ಮುಂದಿಟ್ಟಿತು. ಹೊಸದನ್ನು ತೂರುವ ಕೆಲಸ ಮಾತ್ರ ನಮ್ಮ ಪಾಲಿನದು. ಹೊಟ್ಟು ಕಣ್ಣಿಗೆ ಬೀಳುತ್ತದೆ, ತಡೆದುಕೊಳ್ಳಬೇಕು. ಕಿವಿಗೆ ಹಳೆಯದು ಹೊಸದೆಂಬ ಭೇದವಿಲ್ಲ. ಭೇದವೆಲ್ಲ ಕೂತುಕೊಳ್ಳಲು ಒಪ್ಪದ ಸೊಂಟದ್ದು.

ಆದ್ದರಿಂದ ಸುರಪುರಕ್ಕೋ ಶಹಾಪುರಕ್ಕೋ ಯಾದಗಿರಿಗೋ ಯಾವುದಾದರೂ ಹುಡುಗರ ತಂಡ ಹೊಸ ನಾಟಕ ಹೊತ್ತು ಬಂದರೆ ದಯವಿಟ್ಟು ಹೋಗಿ. ಕಂಪನಿ ನಾಟಕಕ್ಕೆ ಬೆಳತನಕ ಕೊಡುವ ತಾಳ್ಮೆಯಲ್ಲಿ ಒಂದೂವರೆ ತಾಸು ಅವರಿಗೂ ಕೊಡಿ. ಹೋಗುವಾಗ ಮನೆಯವರನ್ನು ಕರೆದೊಯ್ಯಿರಿ. ನಿಮಗೆ ತಿಳಿಯದ್ದು ಅವರಿಗೆ ತಿಳಿಯುತ್ತದೆ. ಹಿಡಿಸದಿದ್ದರೆ ಧಾರಾಳವಾಗಿ ಬೈಯಿರಿ, ಆದರೆ ಟಿಕೆಟ್ ಕೊಂಡು ಬೈಯಿರಿ. ಪುಕ್ಕಟೆ ಬೈಗುಳದಿಂದ ಈವರೆಗೆ ಯಾವ ಕಂಪನಿಯೂ ಉದ್ಧಾರವಾಗಿಲ್ಲ.